ಪರದೇಶಕ್ಕೆ ಹೊರಟ ನಮ್ಮ ಮಕ್ಕಳಿಗೆ: ಮಾಡಬೇಕಾದ್ದು, ಮಾಡಬಾರದ್ದು

ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಮತ್ತು ಸುತ್ತಲಿನ ಹಳ್ಳಿಗಳಿಂದ ವಿದ್ಯಾರ್ಥಿ ವಿನಿಮಯದ ಮೇಲೆ ಹೊರದೇಶಕ್ಕೆ ಹೊರಟಿರುವ, ಮನೆಯಲ್ಲಿ ಕನ್ನಡ ಆಡುವ ಹುಡುಗ ಹುಡುಗಿಯರಿಗಾಗಿ ಈ ಸೂಚನೆ. ನೀವು ಓದಿದರೆ ಸಾಲದು, ಅಪ್ಪ ಅವ್ವನೂ ಓದಬೇಕು. ಯಾರ ಮಾತು ಮನೆಯಲ್ಲಿ ನಡೆಯುತ್ತದೋ ಆ ಅಜ್ಜಿಗೂ ಓದಿ ಹೇಳಬೇಕು. ಇದರಲ್ಲಿ ಸಲಹೆ ಕಡಿಮೆ, ಅಪ್ಪಣೆ ಹೆಚ್ಚು. ಒಪ್ಪದ ಮಾತಿದ್ದರೆ ಹೊರಡುವ ಮುಂಚೆ ಬಂದು ಜಗಳಾಡಿ. ವಿಮಾನ ಹತ್ತಿದ ಮೇಲೆ ಚರ್ಚೆ ಇಲ್ಲ.

ಹೊರಡುವ ಮುಂಚೆ

ವೀಸಾ ಕೈಗೆ ಬರುವ ತನಕ ಚೌಕದಲ್ಲಿ ಫ್ಲೆಕ್ಸ್ ಹಾಕಿಸಬೇಡಿ. ಕೊಲ್ಹಾಪುರದ ಜನಕ್ಕೆ ಫ್ಲೆಕ್ಸಿನ ಹುಚ್ಚು ಎಷ್ಟೆಂದು ಗೊತ್ತು. ಕಾಕಾ, ಮಾಮಾ, ತರುಣ ಮಂಡಳದ ಅಧ್ಯಕ್ಷರು, ಎಲ್ಲರ ಫೋಟೋ ಸುತ್ತ, ನಿಮ್ಮದು ನಡುವೆ, ಹಿಂದೆ ಒಂದು ವಿಮಾನ. ವೀಸಾ ತಡವಾದರೆ ಅದೇ ಫ್ಲೆಕ್ಸಿನ ಕೆಳಗೆ ದಿನಾ ಹಾಲು ತರಲು ಹೋಗಬೇಕಾದವರು ನೀವು.

ಪಾಸ್‌ಪೋರ್ಟಿನಲ್ಲಿ ಹೆಸರು ಸರಿಯಾಗಿರಲೇಬೇಕು. ಗಡಿಭಾಗದವರ ತೊಡಕು ಇಲ್ಲಿಂದಲೇ ಶುರು. ಮಹಾರಾಷ್ಟ್ರ ಬೋರ್ಡಿನ ಅಂಕಪಟ್ಟಿಯಲ್ಲಿ ಮೊದಲು ಅಡ್ಡಹೆಸರು, ಆಮೇಲೆ ನಿಮ್ಮ ಹೆಸರು, ಆಮೇಲೆ ಅಪ್ಪನದು. ಅವ್ವ ಹುಕ್ಕೇರಿ ಕಡೆಯವಳಾಗಿದ್ದು ಕರ್ನಾಟಕದಲ್ಲಿ ಕಲಿತಿದ್ದರೆ ಅವಳ ಕಾಗದದಲ್ಲಿ ಬರೀ ಇನಿಷಿಯಲ್ ಇದ್ದರೂ ಇರಬಹುದು. ಹಿರೇಮಠ ಎಂಬ ಅಡ್ಡಹೆಸರು ಆಧಾರಿನಲ್ಲಿ ಕೂಡಿಕೊಂಡು, ಶಾಲೆಯ ದಾಖಲೆಯಲ್ಲಿ ಎರಡು ತುಂಡಾಗಿ ಇರುತ್ತದೆ. ಇವನ್ನೆಲ್ಲ ಮೇಜಿನ ಮೇಲೆ ಒಂದೇ ಸಲ ಹರಡಿ, ಇಂಗ್ಲಿಷ್ ಅಕ್ಷರ ಅಕ್ಷರ ಕೂಡಿಸಿ ನೋಡಿ, ತಪ್ಪಿದ್ದನ್ನು ತಿದ್ದಿಸಿದ ಮೇಲೆಯೇ ಅರ್ಜಿ ತುಂಬಿ. ವಿನಿಮಯದ ಅರ್ಜಿ, ವೀಸಾ, ಟಿಕೆಟ್, ವಿಮೆ ಎಲ್ಲದರ ಮೇಲೂ ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೆಯೇ ಹೆಸರು ಬರಬೇಕು. ಹದಿನೆಂಟು ತುಂಬದವರಿಗೆ ತಂದೆ ತಾಯಿ ಇಬ್ಬರ ಒಪ್ಪಿಗೆಯೂ ಬೇಕಾಗುತ್ತದೆ. ಅರ್ಜಿಯನ್ನು ದೇಶದ ಯಾವ ಊರಿನಿಂದ ಬೇಕಾದರೂ ಹಾಕಬಹುದು, ಗಡಹಿಂಗ್ಲಜದವರು ಬೆಳಗಾವಿಯಲ್ಲಿ ಹಾಕಿದರೂ ನಡೆಯುತ್ತದೆ. ಆದರೆ ಪೊಲೀಸರು ವಿಚಾರಣೆಗೆ ಬರುವುದು ಅರ್ಜಿಯಲ್ಲಿ ಬರೆದ ಮನೆಗೇ. ಆ ವಾರ ಮನೆಗೆ ಬೀಗ ಹಾಕಿಕೊಂಡು ಜಾತ್ರೆಗೆ ಹೋಗಬೇಡಿ.

ಹೋಗುವ ದೇಶದ ಭಾಷೆಯನ್ನು ಹೊರಡುವ ಮುಂಚೆಯೇ ಶುರು ಮಾಡಿ. ಮನೆಯಲ್ಲಿ ಒಂದು, ಓಣಿಯಲ್ಲಿ ಒಂದು, ಶಾಲೆಯಲ್ಲಿ ಮತ್ತೊಂದು ಭಾಷೆ ಆಡಿ ಬೆಳೆದವರು ನೀವು. ಒಂದೇ ಭಾಷೆಯಲ್ಲಿ ಬೆಳೆದ ಮಕ್ಕಳಿಗಿಂತ ಬೇಗ ಕಲಿಯುತ್ತೀರಿ, ಹೆದರುವ ಕಾರಣವಿಲ್ಲ.

ಕನ್ನಡದಲ್ಲಿ ಒಂದಾದರೂ ಪ್ರವಾಸ ಕಥನ ಓದಿಕೊಂಡು ಹೋಗಿ. ವಿ.ಕೃ. ಗೋಕಾಕರು 1930ರ ದಶಕದಲ್ಲಿ ಹಡಗು ಹತ್ತಿ ಆಕ್ಸ್‌ಫರ್ಡಿಗೆ ಓದಲು ಹೋದವರು. 'ಸಮುದ್ರದಾಚೆಯಿಂದ' ಬರೆದವರು. ಮುಂದೆ ಇದೇ ಕೊಲ್ಹಾಪುರದ ರಾಜಾರಾಮ ಕಾಲೇಜಿಗೆ ಪ್ರಾಂಶುಪಾಲರಾಗಿ ಬಂದರು. ಕಾರಂತರ 'ಅಪೂರ್ವ ಪಶ್ಚಿಮ', ಗೊರೂರರ 'ಅಮೆರಿಕದಲ್ಲಿ ಗೊರೂರು' ಇವೂ ಇವೆ. ಯೂಟ್ಯೂಬಿನಲ್ಲಿ ಹತ್ತು ನಿಮಿಷದ ವಿಡಿಯೋ ನೋಡಿ ಆ ದೇಶ ಗೊತ್ತಾಯಿತು ಅನ್ನಬೇಡಿ.

ಚೀಲ

ಈ ಒಂದು ವಿಷಯದಲ್ಲಿ ಅವ್ವನ ಮಾತು ಕೇಳಬೇಡಿ. ಅವಳ ಲೆಕ್ಕದಲ್ಲಿ ಆ ದೇಶದಲ್ಲಿ ತಿನ್ನಲು ಏನೂ ಸಿಗುವುದಿಲ್ಲ.

ಮನೆಯಲ್ಲಿ ಕುಟ್ಟಿಸಿದ ಕಾಂದಾ-ಲಸೂಣ ಮಸಾಲೆಯಲ್ಲಿ ಏನೇನು ಬಿದ್ದಿದೆ ಎಂದು ಕೇಳಿ ಬರೆದುಕೊಳ್ಳಿ. ಗಸಗಸೆ ಇದ್ದರೆ ಅದು ಮನೆಯಲ್ಲೇ ಉಳಿಯಲಿ. ಸಂಯುಕ್ತ ಅರಬ್ ಎಮಿರೇಟ್ಸ್ ಮತ್ತು ಸಿಂಗಾಪುರದಲ್ಲಿ ಗಸಗಸೆ ನಿಷಿದ್ಧ, ಅದನ್ನು ಮಾದಕ ವಸ್ತುವಿನ ಸಾಲಿಗೆ ಸೇರಿಸಿದ್ದಾರೆ. ನೀವು ಜರ್ಮನಿಗೆ ಹೊರಟಿದ್ದರೂ ವಿಮಾನ ಬದಲಿಸುವುದು ದುಬೈಯಲ್ಲಿ ಆಗಿರಬಹುದು. ಅಲ್ಲಿ ನಿಂತು ಹೋಳಿಗೆಯ ಹೂರಣದ ಕಥೆ ಹೇಳಿದರೆ ಯಾರೂ ಕೇಳುವುದಿಲ್ಲ. ಕೋಡಿನ್ ಇರುವ ಕೆಮ್ಮಿನ ಔಷಧಕ್ಕೂ ಇದೇ ಮಾತು. ಔಷಧ ಯಾವುದಿದ್ದರೂ ಡಾಕ್ಟರ ಚೀಟಿ ಜೊತೆಗಿರಲಿ, ಚೀಟಿ ಇಂಗ್ಲಿಷಿನಲ್ಲಿರಲಿ, ಓದಲು ಬರುವಂತಿರಲಿ.

ಒಣಕೊಬ್ಬರಿ ಬೇಡ. ಎಣ್ಣೆ ಅಂಶದಿಂದ ಬೆಂಕಿ ಹೊತ್ತುವ ಭಯಕ್ಕೆ ಅದನ್ನು ವಿಮಾನದಲ್ಲಿ ಬಿಡುವುದಿಲ್ಲ. ಸಂಕೇಶ್ವರಿ ಮೆಣಸಿನ ಖಾರಪುಡಿ, ಉಪ್ಪಿನಕಾಯಿ ಕೈಚೀಲಕ್ಕೆ ಬೇಡ, ಕೆಳಗೆ ಹೋಗುವ ದೊಡ್ಡ ಚೀಲಕ್ಕೆ ಹಾಕಿ. ಪವರ್ ಬ್ಯಾಂಕ್ ಇದಕ್ಕೆ ತಿರುವುಮುರುವು: ಅದು ಕೈಚೀಲದಲ್ಲೇ ಇರಬೇಕು, ದೊಡ್ಡ ಚೀಲದಲ್ಲಿ ಇರಕೂಡದು. ನರಸೋಬಾವಾಡಿಯ ಪೇಢೆಯನ್ನು ಯುರೋಪಿಗೆ ಒಯ್ಯುವಂತಿಲ್ಲ, ಹೊರಗಿನ ದೇಶಗಳ ಹಾಲಿನ ಪದಾರ್ಥವನ್ನು ಐರೋಪ್ಯ ಒಕ್ಕೂಟದವರು ಪ್ರಯಾಣಿಕರ ಕೈಯಲ್ಲಿ ಒಳಗೆ ಬಿಡುವುದಿಲ್ಲ. ಆಸ್ಟ್ರೇಲಿಯಾ, ನ್ಯೂಜಿಲೆಂಡುಗಳಂತೂ ಇನ್ನೂ ಬಿಗಿ. ಅಲ್ಲಿ ಬೀಜ, ಕಾಳು, ಬೆಲ್ಲ, ಚಟ್ನಿಪುಡಿ ಏನಿದ್ದರೂ ಇಳಿಯುವ ಮುಂಚೆ ಕೊಡುವ ಫಾರ್ಮಿನಲ್ಲಿ 'ಇದೆ' ಎಂದೇ ಬರೆಯಿರಿ. 'ಇದೆ' ಎಂದವರ ಬೆಲ್ಲ ಹೋದರೆ ಬೆಲ್ಲ ಮಾತ್ರ ಹೋಗುತ್ತದೆ. 'ಇಲ್ಲ' ಎಂದು ಬರೆದು ಸಿಕ್ಕಿಬಿದ್ದವರಿಗೆ ದಂಡ, ಮೇಲೆ ವೀಸಾಕ್ಕೂ ಸಂಚಕಾರ.

ಇಚಲಕರಂಜಿಯ ಹತ್ತಿ ಟವೆಲ್ ಎರಡು ಹೆಚ್ಚಿಗೆ ಇಟ್ಟುಕೊಳ್ಳಿ. ಯಾಕೆಂದು ಮುಂದೆ ಬರುತ್ತದೆ. ಚಳಿಯ ಕೋಟನ್ನು ಇಲ್ಲಿ ಕೊಳ್ಳಬೇಡಿ, ಮಹಾದ್ವಾರ ರೋಡಿನಲ್ಲಿ ಸಿಗುವ ಜಾಕೆಟ್ ಪನ್ಹಾಳಗಡದ ಚಳಿಗೆ ಸಾಕು, ಫಿನ್‌ಲೆಂಡಿನ ಜನವರಿಗೆ ಸಾಲದು. ಅಲ್ಲಿ ನಿಮ್ಮನ್ನು ಇಟ್ಟುಕೊಳ್ಳುವ ಮನೆಯವರಿಗೆ ಕಾಣಿಕೆಯಾಗಿ ಕೊಲ್ಹಾಪುರಿ ಚಪ್ಪಲಿ ಒಯ್ಯುವುದಾದರೆ ಮೊದಲು ಅಳತೆ ಕೇಳಿ ತರಿಸಿಕೊಳ್ಳಿ.

ಆ ಚಪ್ಪಲಿಯ ಬಗ್ಗೆ ನಾಲ್ಕು ಮಾತು ಗೊತ್ತಿಟ್ಟುಕೊಂಡೇ ಹೋಗಿ, ಕೇಳುವವರು ಇರುತ್ತಾರೆ. 2025ರ ಜೂನ್‌ನಲ್ಲಿ ಮಿಲಾನಿನ ಫ್ಯಾಷನ್ ಪ್ರದರ್ಶನದಲ್ಲಿ ಪ್ರಾಡಾ ಕಂಪನಿ ಇಂಥದೇ ಚಪ್ಪಲಿ ತೊಡಿಸಿ ನಡೆಸಿತು, ಕೊಲ್ಹಾಪುರದ ಹೆಸರು ಮಾತ್ರ ಹೇಳಲಿಲ್ಲ. ಇಲ್ಲಿ ಗದ್ದಲವೆದ್ದ ಮೇಲೆ ಒಪ್ಪಿಕೊಂಡಿತು. ಹೆಸರು ಕೊಲ್ಹಾಪುರದ್ದಾದರೂ 2019ರಲ್ಲಿ ಸಿಕ್ಕ ಭೌಗೋಳಿಕ ಗುರುತು ಎಂಟು ಜಿಲ್ಲೆಗಳದ್ದು: ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೋಲಾಪುರ, ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. ಅಥಣಿಯ ಕಡೆ ಕೂತು ಚರ್ಮ ಹದ ಮಾಡಿ ಹೊಲಿಯುವವನ ಮನೆಮಾತು ಕನ್ನಡ. ಇದನ್ನು ಹೇಳಿದರೆ ನೀವು ಎಂಥ ಸೀಮೆಯಿಂದ ಬಂದವರೆಂದು ಅವರಿಗೆ ತಾನಾಗಿ ತಿಳಿಯುತ್ತದೆ.

ಹೋದ ಮನೆಯಲ್ಲಿ

ಎಲ್ಲಕ್ಕಿಂತ ಮುಖ್ಯವಾದ ಭಾಗ ಇದು. ನಮ್ಮ ಮಕ್ಕಳು ಅಲ್ಲಿ ಕೆಡುವುದು ಉಡಾಳತನದಿಂದ ಅಲ್ಲವೇ ಅಲ್ಲ. ಸಂಕೋಚದಿಂದ ಕೆಡುತ್ತಾರೆ. ಬಾಯಿ ಬಿಟ್ಟು ಕೇಳುವುದಿಲ್ಲ. ಕೇಳದೆ ಒಳಗೊಳಗೇ ತೀರ್ಮಾನ ಮಾಡಿಕೊಂಡು ಅವ್ವನಿಗೆ ಫೋನ್ ಹಚ್ಚಿ ಅಳುತ್ತಾರೆ.

ಊಟದ ಮೇಜಿನ ಮೇಲೆ ಉಪಚಾರದ 'ಸಾಕ್ರಿ' ಬೇಡ. ನಮ್ಮಲ್ಲಿ ಮೊದಲ ಸಲ ಸಾಕು ಅನ್ನಬೇಕು, ಎರಡನೇ ಸಲ ಎಲೆಯ ಮೇಲೆ ಕೈ ಅಡ್ಡ ಹಿಡಿಯಬೇಕು, ಮೂರನೇ ಸಲ ಕಾಕೂ ಗದರಿಸಿ ಬಡಿಸಿದಾಗ ತಿನ್ನಬೇಕು. ಅಲ್ಲಿ ಬೇಡ ಅಂದರೆ ಬೇಡ ಎಂದೇ ತಿಳಿದು ಪಾತ್ರೆ ಒಳಗೆ ಇಡುತ್ತಾರೆ. ಅದು ನಿಮ್ಮ ಮಾತಿಗೆ ಅವರು ಕೊಟ್ಟ ಮರ್ಯಾದೆ. ಹೊಟ್ಟೆ ಹಸಿದಿದ್ದರೆ ಇನ್ನಷ್ಟು ಬೇಕು ಎಂದು ಕೇಳಿ. ರಾತ್ರಿ ಹಸಿವಾದರೆ ಫ್ರಿಜ್ಜಿನಿಂದ ಏನು ತೆಗೆದುಕೊಳ್ಳಬಹುದು ಎಂದು ಮೊದಲ ದಿನವೇ ಕೇಳಿ. 'ಊಟ ಆತೇನ್?' ಎಂದು ದಾರಿಯಲ್ಲಿ ಯಾರೂ ಕೇಳುವುದಿಲ್ಲ. ಕೇಳಲಿಲ್ಲವೆಂದರೆ ಅಕ್ಕರೆ ಇಲ್ಲವೆಂದು ಅರ್ಥವಲ್ಲ.

ಏನು ತಿನ್ನುವುದಿಲ್ಲ ಎಂಬುದನ್ನು ಹೊರಡುವ ಮುಂಚೆಯೇ ಆ ಮನೆಯವರಿಗೆ ಪತ್ರದಲ್ಲಿ ಬಿಡಿಸಿ ಬರೆಯಿರಿ. ಸಸ್ಯಾಹಾರಿ ಎಂದಷ್ಟೇ ಬರೆದರೆ ಮೀನು ನಡೆಯುತ್ತದೆ ಎಂದುಕೊಳ್ಳುವವರು ಇದ್ದಾರೆ, ಕೋಳಿಯ ಸಾರಿನಲ್ಲಿ ಬೇಯಿಸಿದ ಅನ್ನ ಸಸ್ಯಾಹಾರವೇ ಎಂದುಕೊಳ್ಳುವವರೂ ಇದ್ದಾರೆ. ಲಿಂಗಾಯತ, ಜೈನ ಮನೆಗಳ ಮಕ್ಕಳು ಮೊಟ್ಟೆ, ಜೆಲಾಟಿನ್, ಗಡ್ಡೆಗೆಣಸು ಒಂದೊಂದರ ಮುಂದೂ ತಿನ್ನುತ್ತೇನೆ, ತಿನ್ನುವುದಿಲ್ಲ ಎಂದು ಬರೆಯಲಿ. ವರ್ಷವಿಡೀ ಉಳ್ಳಾಗಡ್ಡಿ, ಬಟಾಟೆ ಕೂಡ ಇಲ್ಲದೆ ನಡೆಸುವುದು ಆ ಮನೆಯವರಿಗೆ ಬಲು ಕಷ್ಟ. ಎಲ್ಲಿಯ ತನಕ ಸಡಿಲ ಬಿಡಬಹುದು ಎಂಬುದನ್ನು ಅಪ್ಪ ಅವ್ವನ ಜೊತೆ ಇಲ್ಲೇ ಕೂತು ಗಟ್ಟಿ ಮಾಡಿಕೊಳ್ಳಿ. ಅಲ್ಲಿ ಹೋಗಿ ಕದ್ದು ತಿಂದು ಇಲ್ಲಿ ಸುಳ್ಳು ಹೇಳುವುದು ಬೇಡ, ಇಲ್ಲಿಯವರಿಗೆ ಹೆದರಿ ಅಲ್ಲಿ ಉಪವಾಸ ಬೀಳುವುದೂ ಬೇಡ.

ಶೇಂಗಾ ಚಟ್ನಿಯನ್ನು ಶಾಲೆಗೆ ಒಯ್ಯಬೇಡಿ. ನಮಗೆ ಅದು ರೊಟ್ಟಿಯ ಜೊತೆಗಾರ. ಅಲ್ಲಿ ಕೆಲವು ಮಕ್ಕಳಿಗೆ ಶೇಂಗಾದ ಅಲರ್ಜಿ ಎಷ್ಟೆಂದರೆ ಒಂದು ಚೂರು ಒಳಗೆ ಹೋದರೂ ಉಸಿರು ಕಟ್ಟಿ ಆಸ್ಪತ್ರೆಗೆ ಒಯ್ಯಬೇಕಾಗುತ್ತದೆ. ಅಮೆರಿಕ, ಕೆನಡಾಗಳ ಎಷ್ಟೋ ಶಾಲೆಗಳು ಶೇಂಗಾವನ್ನು ಒಳಗೇ ಬಿಡುವುದಿಲ್ಲ. ಮನೆಯಲ್ಲೂ ಯಾರಿಗೆ ಏನು ಆಗುವುದಿಲ್ಲ ಎಂದು ಕೇಳಿ ತಿಳಿದ ಮೇಲೆಯೇ ಡಬ್ಬಿಯ ಮುಚ್ಚಳ ತೆಗೆಯಿರಿ.

ಬಚ್ಚಲನ್ನು ಒಣಗಿಸಿ ಇಡಬೇಕು. ನಮ್ಮ ಬಚ್ಚಲಿನಲ್ಲಿ ನೆಲಕ್ಕೆ ಇಳಿಜಾರು, ಮೂಲೆಯಲ್ಲಿ ಮೋರಿ. ಎಷ್ಟು ತಂಬಿಗೆ ಸುರಿದುಕೊಂಡರೂ ಹರಿದು ಹೋಗುತ್ತದೆ. ಅಲ್ಲಿ ಎಷ್ಟೋ ಮನೆಗಳಲ್ಲಿ ಟಬ್ಬಿನ ಆಚೆಗಿನ ನೆಲಕ್ಕೆ ಮೋರಿಯೇ ಇರುವುದಿಲ್ಲ, ನೆಲದ ಕೆಳಗೆ ಮರ. ಚೆಲ್ಲಿದ ನೀರು ಕೆಳಗಿನ ಕೋಣೆಯ ಛತ್ತಿನಿಂದ ತೊಟ್ಟಿಕ್ಕುತ್ತದೆ. ಪರದೆಯ ಕೆಳ ಅಂಚು ಟಬ್ಬಿನ ಒಳಗೆ ಇರಲಿ, ಸ್ನಾನ ಬೇಗ ಮುಗಿಯಲಿ, ಹೊರಬರುವಾಗ ನೆಲ ಒರೆಸಿ. ಕಕ್ಕಸಿಗೆ ಒಂದು ಪ್ಲಾಸ್ಟಿಕ್ ಮಗ್ ಇಟ್ಟುಕೊಳ್ಳುವುದರಲ್ಲಿ ನಾಚಿಕೆ ಪಡುವಂಥದ್ದೇನಿಲ್ಲ, ನೀರು ಹೊರಗೆ ಚೆಲ್ಲದಿದ್ದರೆ ಸರಿ.

ತಲೆಗೆ ಎಣ್ಣೆ ಹಚ್ಚಿಕೊಂಡು ಅವರ ದಿಂಬಿನ ಮೇಲೆ ಮಲಗಬೇಡಿ, ಕಲೆ ಹೋಗುವುದಿಲ್ಲ. ಹೆಚ್ಚಿಗೆ ತಂದ ಟವೆಲ್ ದಿಂಬಿನ ಮೇಲೆ ಹಾಸಲು. ಇಚಲಕರಂಜಿಯ ಮಕ್ಕಳಿಗೆ ಮೊದಲ ರಾತ್ರಿಗಳಲ್ಲಿ ನಿದ್ದೆ ಬರಲಿಕ್ಕಿಲ್ಲ. ಹುಟ್ಟಿದಾಗಿನಿಂದ ಗೋಡೆಯ ಆಚೆ ಪವರ್‌ಲೂಮಿನ ಖಟಖಟ ಕೇಳುತ್ತಾ ಮಲಗಿದವರಿಗೆ ಆ ಊರುಗಳ ಮೌನವೇ ಎಚ್ಚರ ಮಾಡುತ್ತದೆ. ಇದು ಕಾಯಿಲೆಯಲ್ಲ. ಹಗಲು ಮಲಗದೆ ಆ ಊರಿನ ರಾತ್ರಿಯ ತನಕ ತಡೆದುಕೊಳ್ಳಿ, ಕೆಲವು ದಿನಗಳಲ್ಲಿ ಸರಿಹೋಗುತ್ತದೆ.

ಕೋಣೆಯಲ್ಲಿ ಊದಿನಕಡ್ಡಿ, ಕರ್ಪೂರ, ದೀಪ ಹಚ್ಚಬೇಡಿ. ಛತ್ತಿನಲ್ಲಿ ಹೊಗೆ ಕಂಡರೆ ಕೂಗುವ ಯಂತ್ರ ಇರುತ್ತದೆ. ಕೆಲವು ಕಟ್ಟಡಗಳಲ್ಲಿ ಅದು ನೇರ ಅಗ್ನಿಶಾಮಕ ದಳಕ್ಕೇ ಸುದ್ದಿ ಮುಟ್ಟಿಸುತ್ತದೆ. ಲಿಂಗಪೂಜೆ ಮಾಡುವವರು ವಿಭೂತಿ, ನೀರು, ಹೂವಿನಲ್ಲಿ ಮುಗಿಸಿ. ಏನು ಮಾಡುತ್ತಿದ್ದೀರಿ ಎಂದು ಮನೆಯವರಿಗೆ ಒಮ್ಮೆ ತೋರಿಸಿ, ಆಮೇಲೆ ಅವರೇ ಆ ಹೊತ್ತಿಗೆ ಬಾಗಿಲು ಬಡಿಯುವುದಿಲ್ಲ. ಮೆಣಸಿನಕಾಯಿ ಒಗ್ಗರಣೆಗೂ ಅದೇ ಯಂತ್ರ ಕೂಗುತ್ತದೆ. ಅಡಿಗೆ ಮಾಡಿ ಉಣಿಸುವ ಆಸೆ ಇದ್ದರೆ ಮೊದಲು ಕಿಟಕಿ ತೆರೆಯಿರಿ, ಆಮೇಲೆ ಸಾಸಿವೆ.

ಮಾಡಿದ ಉಪಕಾರಕ್ಕೆಲ್ಲ ಥ್ಯಾಂಕ್ಸ್ ಹೇಳಿ. ಅವ್ವನಿಗೆ ಥ್ಯಾಂಕ್ಸ್ ಹೇಳಿದರೆ 'ಏನ್ ಮನೀಗ್ ಬಂದ ಬೀಗರೇನ್ ನೀ?' ಅನ್ನುತ್ತಾಳೆ, ಸರಿ. ಅಲ್ಲಿಯ ಅಮ್ಮನಿಗೆ ಹೇಳದಿದ್ದರೆ ಸೊಕ್ಕಿನ ಹುಡುಗ ಅಂದುಕೊಳ್ಳುತ್ತಾಳೆ. ಉಂಡ ತಟ್ಟೆ ನೀವೇ ತೊಳೆಯಿರಿ. ಗಂಡುಮಕ್ಕಳಿಗೆ ಇದನ್ನು ಎರಡು ಸಲ ಓದಿ ಹೇಳಬೇಕು. ಏಳಕ್ಕೆ ಎಂದರೆ ಏಳಕ್ಕೇ. ಪಗಾರ ಎಷ್ಟು, ಮದುವೆ ಯಾಕೆ ಆಗಿಲ್ಲ, ಮಕ್ಕಳೆಷ್ಟು, ಇವನ್ನು ಕೇಳಬೇಡಿ. 'ದಪ್ಪ ಆಗೀರಲ್ರಿ' ಎಂಬ ಮಾತನ್ನು ಪ್ರೀತಿಯಿಂದಲೂ ಆಡಬೇಡಿ. ಹೂಂ ಅನ್ನಲು ತಲೆಯನ್ನು ಅತ್ತಿತ್ತ ವಾಲಿಸಿದರೆ ಅವರಿಗೆ ಇಲ್ಲ ಅಂದ ಹಾಗೆ ಕಾಣುತ್ತದೆ, ಬಾಯಲ್ಲೇ ಹೇಳಿ.

ಕೇಳಿ, ಎದ್ದು ನಿಂತು ಕೇಳಿ

ಕುಸ್ತಿಪಟು ಖಾಶಾಬಾ ಜಾಧವರ ಹೆಸರು ಕೊಲ್ಹಾಪುರದಲ್ಲಿ ಗೊತ್ತಿಲ್ಲದವರಿಲ್ಲ. ಕರಾಡ ಹತ್ತಿರದ ಗೋಳೇಶ್ವರದ ಹುಡುಗ, ರಾಜಾರಾಮ ಕಾಲೇಜಿನ ವಿದ್ಯಾರ್ಥಿ. 1948ರಲ್ಲಿ ಲಂಡನ್ ಒಲಿಂಪಿಕ್ಸಿಗೆ ಹೋದಾಗ ಕೆಂಪು ಮಣ್ಣಿನ ಅಖಾಡದಲ್ಲಿ ಬೆಳೆದ ಕಾಲು ಮ್ಯಾಟಿನ ಮೇಲೆ ಮೊದಲ ಸಲ ಇಳಿಯಿತು. ಆದರೂ ಆರನೇ ಸ್ಥಾನ. 1952ರ ಹೆಲ್ಸಿಂಕಿಗೆ ಹೋಗಲು ದುಡ್ಡಿಲ್ಲದೆ ಊರೂರು ಚಂದಾ ಎತ್ತಿದರು. ಅವರ ಪ್ರಾಂಶುಪಾಲ ಖರ್ಡೇಕರರು ಸ್ವಂತ ಮನೆ ಒತ್ತೆಯಿಟ್ಟು 7,000 ರೂಪಾಯಿ ಕೊಟ್ಟರು. ಅಲ್ಲಿ ಜಪಾನಿನ ಇಶಿಯಿ ಜೊತೆ ದೀರ್ಘ ಸೆಣಸಾಟ ಮುಗಿಸಿ ದಣಿದು ನಿಂತಾಗ, ಸೋವಿಯತ್ ಪೈಲವಾನನ ಜೊತೆ ಕೂಡಲೇ ಆಡಬೇಕೆಂದರು. ಎರಡು ಕುಸ್ತಿಗಳ ನಡುವೆ ಅರ್ಧ ಗಂಟೆ ವಿಶ್ರಾಂತಿ ಕೊಡಬೇಕೆಂಬ ನಿಯಮವಿತ್ತು. ಅದನ್ನು ಎತ್ತಿ ಹೇಳಲು ಭಾರತದ ಅಧಿಕಾರಿ ಒಬ್ಬರೂ ಹತ್ತಿರ ಇರಲಿಲ್ಲ. ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಪದಕವಾಗಿ ಕಂಚು ಬಂತು. ಆ ಅರ್ಧ ಗಂಟೆ ಸಿಕ್ಕಿದ್ದರೆ ಬಣ್ಣ ಬೇರೆಯಾಗುತ್ತಿತ್ತೋ ಏನೋ ಎಂದು ಇಲ್ಲಿಯ ತಾಲೀಮಿನ ಹಿರಿಯರು ಇಂದಿಗೂ ಹಲ್ಲು ಕಡಿಯುತ್ತಾರೆ.

ಖಾಶಾಬಾ ಅವರ ಗತಿ ನಿಮಗಿಲ್ಲ: ನಿಮ್ಮ ಪರವಾಗಿ ಮಾತಾಡಲು ಅಲ್ಲಿ ಒಬ್ಬರನ್ನು ಗೊತ್ತು ಮಾಡಿಯೇ ವಿನಿಮಯದ ಸಂಸ್ಥೆಯವರು ಕಳಿಸುತ್ತಾರೆ. ಅವರ ನಂಬರು ಬಾಯಿಪಾಠ ಇರಲಿ, ಫೋನಿನಲ್ಲಿ ಇದ್ದರೆ ಸಾಲದು. ಮನೆಯಲ್ಲಿ ಯಾರಾದರೂ ಮುಟ್ಟಬಾರದ ಹಾಗೆ ಮುಟ್ಟಿದರೆ, ಆಡಬಾರದ್ದು ಆಡಿದರೆ, ಊಟ ಸರಿಯಾಗಿ ಸಿಗದಿದ್ದರೆ, ಶಾಲೆಯಲ್ಲಿ ಮೈಬಣ್ಣ ಹಿಡಿದು ಅಣಕಿಸಿದರೆ ಅಂದೇ ಹೇಳಿ. 'ಅವರಿಗೆ ಏನನಿಸುತ್ತದೋ' ಎಂದು ಸುಮ್ಮನಿರಬೇಡಿ. ಮನೆ ಬದಲಿಸಿಕೊಡಿ ಎಂದು ಕೇಳುವ ಹಕ್ಕು ನಿಮಗಿದೆ. ತುರ್ತಿಗೆ ಯುರೋಪಿನಲ್ಲಿ 112, ಅಮೆರಿಕ ಮತ್ತು ಕೆನಡಾದಲ್ಲಿ 911, ಆಸ್ಟ್ರೇಲಿಯಾದಲ್ಲಿ 000. ಜಪಾನಿನಲ್ಲಿ ಪೊಲೀಸರಿಗೆ 110, ಆಂಬುಲೆನ್ಸಿಗೆ 119.

ನಾಲ್ಕು ಸಂಗತಿಗಳಲ್ಲಿ ಮಾತ್ರ ಕೇಳುವ ಮಾತೇ ಇಲ್ಲ. ರೋಟರಿಯ ಯುವ ವಿನಿಮಯ 15ರಿಂದ 19 ವರ್ಷದವರಿಗೆ ಇರುವಂಥದ್ದು, ಅದರ ನಿಯಮ ಪ್ರಸಿದ್ಧ: ಕುಡಿತ ಇಲ್ಲ, ಅಮಲು ಪದಾರ್ಥ ಇಲ್ಲ, ಗಾಡಿ ಓಡಿಸುವಂತಿಲ್ಲ, ಪ್ರೇಮ ಪ್ರಕರಣ ಇಲ್ಲ. ನೀವು ಬೇರೆ ಸಂಸ್ಥೆಯಿಂದ ಹೊರಟಿದ್ದರೂ ಈ ನಾಲ್ಕನ್ನು ನಿಮ್ಮವೇ ಎಂದು ತಿಳಿಯಿರಿ. ಊರಲ್ಲಿ ಹದಿನಾಲ್ಕಕ್ಕೇ ಬುಲೆಟ್ ಓಡಿಸಿದ ಶೂರರು ಗಾಡಿಯ ಮಾತನ್ನು ವಿಶೇಷವಾಗಿ ಗಮನಿಸಬೇಕು. ತಪ್ಪಿದರೆ ಮುಂದಿನ ವಿಮಾನಕ್ಕೆ ವಾಪಸ್.

ಕಂಡದ್ದನ್ನು ಬರೆಯುವ ಬಗೆ

ಮೊದಲ ದಿನದಿಂದಲೇ ನೋಟಬುಕ್ಕಿನಲ್ಲಿ ದಿನಚರಿ ಬರೆಯಿರಿ. ಈ ನೆಲದಿಂದ ಹೋದ ಇಪ್ಪತ್ತರ ಹರೆಯದ ಒಬ್ಬರು ಬರೆದಿದ್ದರು. ಕೊಲ್ಹಾಪುರದ ಛತ್ರಪತಿ ರಾಜಾರಾಮ ಮಹಾರಾಜರು 1870ರಲ್ಲಿ ಇಂಗ್ಲೆಂಡಿಗೆ ಹೋದರು, ನೋಡಿದ್ದನ್ನು ತಾವೇ ಇಂಗ್ಲಿಷಿನಲ್ಲಿ ಬರೆದಿಡುತ್ತಾ ಹೋದರು. ತಿರುಗಿ ಬರುವ ದಾರಿಯಲ್ಲಿ ಇಟಲಿಯ ಫ್ಲಾರೆನ್ಸಿನಲ್ಲಿ ಆ ವರ್ಷದ ನವೆಂಬರ್ 30ರಂದು ತೀರಿಕೊಂಡರು. ಹೆಣ ಸುಡುವ ರೂಢಿ ಇಲ್ಲದ ಆ ಊರು ವಿಶೇಷ ಅನುಮತಿ ಕೊಟ್ಟಿತು, ಆರ್ನೋ ಮತ್ತು ಮುನ್ಯೋನೆ ನದಿಗಳು ಕೂಡುವಲ್ಲಿ ಚಿತೆ ಹೊತ್ತಿತು. 1874ರಲ್ಲಿ ಅಲ್ಲಿ ಕಟ್ಟಿದ ಛತ್ರಿಯ ಕೆಳಗೆ ಅವರ ಅರ್ಧಪ್ರತಿಮೆ ಈಗಲೂ ಇದೆ, ಪಕ್ಕದ ಸೇತುವೆಗೂ 'ಇಂಡಿಯನ್ನನ' ಸೇತುವೆ ಎಂದೇ ಹೆಸರು. ದಿನಚರಿಯನ್ನು ಜೊತೆಗಿದ್ದ ಕ್ಯಾಪ್ಟನ್ ವೆಸ್ಟ್ 1872ರಲ್ಲಿ ಲಂಡನ್ನಿನಲ್ಲಿ ಅಚ್ಚು ಹಾಕಿಸಿದ. ಆ ಹರೆಯದ ಅರಸನ ಮಾತು ಇಂದು ನಮಗೆ ಸಿಗುವುದು ಬರೆದಿಟ್ಟ ಕಾರಣಕ್ಕೇ. ಇಟಲಿಗೆ ಹೋಗುವವರು ಛತ್ರಿಗೆ ಹೋಗಿ ಬನ್ನಿ.

ಬರೆಯುವ ಕ್ರಮ ಹೀಗಿರಲಿ. ಎಡಪುಟದಲ್ಲಿ ಕಂಡದ್ದು. ಬಲಪುಟ ಖಾಲಿ. 'ಭಾನುವಾರ, ಅಂಗಡಿ ಒಂದೂ ತೆರೆದಿಲ್ಲ, ಊರೇ ಸತ್ತ ಹಾಗಿದೆ' ಎಂದು ಎಡಕ್ಕೆ ಬರೆಯಿರಿ. ಜರ್ಮನಿಯಲ್ಲಿ ಭಾನುವಾರದ ಬಿಡುವನ್ನು ಸಂವಿಧಾನವೇ ಕಾಯುತ್ತದೆ, ಅಂಗಡಿ ಮುಚ್ಚುವುದು ಕಾನೂನು ಎಂದು ತಿಳಿದ ದಿನ ಬಲಕ್ಕೆ ಬರೆಯಿರಿ. 'ಅಜ್ಜಿಯನ್ನು ಒಬ್ಬಳೇ ಬೇರೆ ಮನೆಯಲ್ಲಿ ಇಟ್ಟಿದ್ದಾರೆ, ಕಲ್ಲು ಮನಸ್ಸಿನವರು' ಎಂದು ಎಡಕ್ಕೆ ಬರೆದವರು ಆ ಅಜ್ಜಿಯ ಕೂಡ ಅರ್ಧ ದಿನ ಕೂತು ಮಾತಾಡಿ. ಒಬ್ಬಳೇ ಇರುವುದು ಯಾರ ಆಸೆ ಎಂದು ಕೇಳಿ. ಬಲಪುಟ ತುಂಬಲು ತಿಂಗಳುಗಳು ಹಿಡಿಯಬಹುದು, ಕೆಲವು ತುಂಬುವುದೇ ಇಲ್ಲ. ಪರವಾಗಿಲ್ಲ.

ಬಲಪುಟ ಖಾಲಿ ಇರುವ ಸಂಗತಿಯನ್ನು ಇನ್‌ಸ್ಟಾಗ್ರಾಮಿಗೆ ಹಾಕಬೇಡಿ. ಹೊಗಳಿಕೆಗೂ ಇದೇ ನಿಯಮ. 'ಇಲ್ಲಿ ಎಲ್ಲ ಸ್ವಚ್ಛ, ನಮ್ಮಲ್ಲಿ ಎಲ್ಲ ಹೊಲಸು' ಎಂದು ಬರೆಯುವ ಹುಡುಗ ಎರಡೂ ಊರನ್ನು ನೋಡಿಲ್ಲ. ಮನೆಯವರ ಫೋಟೋ, ಅವರ ಮಕ್ಕಳ ಫೋಟೋ ಕೇಳದೆ ಹಾಕುವುದು ಅಪರಾಧವೆಂದೇ ತಿಳಿಯಿರಿ. ಅವರ ಎದುರಿಗೆ ಫೋನಿನಲ್ಲಿ ಕನ್ನಡದಲ್ಲಿ ಅವರ ಬಗ್ಗೆ ಮಾತಾಡಬೇಡಿ. ಮಾತು ತಿಳಿಯದಿದ್ದರೂ ಮುಖ ತಿಳಿಯುತ್ತದೆ.

ನಿಮ್ಮ ಊರನ್ನು ಹೇಳುವಾಗ

ಇಡೀ ಭಾರತದ ಪರವಾಗಿ ಉತ್ತರ ಕೊಡಬೇಡಿ. ಹಿಮಾಲಯ ನೋಡಿಲ್ಲ, ತಾಜಮಹಲ್ ನೋಡಿಲ್ಲ ಎಂದರೆ ಮಾನ ಹೋಗುವುದಿಲ್ಲ. ಹಿರಣ್ಯಕೇಶಿ ನೋಡಿದ್ದೀರಲ್ಲ? ಅಂಬೋಲಿಯಲ್ಲಿ ಹುಟ್ಟಿ, ಆಜರಾ, ಗಡಹಿಂಗ್ಲಜ ದಾಟಿ ಕರ್ನಾಟಕಕ್ಕೆ ಇಳಿದು ಘಟಪ್ರಭೆ ಸೇರುತ್ತದೆ. ಪಂಚಗಂಗೆ ನರಸೋಬಾವಾಡಿಯಲ್ಲಿ ಕೃಷ್ಣೆಗೆ ಕೂಡುತ್ತದೆ. ನಕ್ಷೆ ಬರೆದು ತೋರಿಸಿ. ಮನೆಯಲ್ಲಿ ಕನ್ನಡ ಯಾಕೆ ಎಂದು ಕೇಳಿದರೆ, ಕೊಲ್ಹಾಪುರವನ್ನು ಆಳಿದ ಶಿಲಾಹಾರರ ಕಾಲದ ಕನ್ನಡ ಶಾಸನಗಳು ಈ ಸೀಮೆಯಲ್ಲೇ ಇವೆ ಎಂದು ಹೇಳಿ. ಮಹಾರಾಷ್ಟ್ರ-ಕರ್ನಾಟಕ ಗಡಿ ತಂಟೆಯ ಪ್ರಶ್ನೆ ಬಂದರೆ ಚಿಕ್ಕದಾಗಿ ಮುಗಿಸಿ: 1956ರಲ್ಲಿ ಭಾಷೆಯ ಮೇಲೆ ರಾಜ್ಯ ಹಂಚಿದರು, 1966ರಲ್ಲಿ ಮಹಾಜನ ಆಯೋಗ ಕೂತಿತು, 2004ರಿಂದ ಸುಪ್ರೀಂ ಕೋರ್ಟಿನಲ್ಲಿದೆ. ಅಷ್ಟು ಸಾಕು. ನಿಮ್ಮ ಕಾಕಾ ಪಾನಪಟ್ಟಿ ಅಂಗಡಿಯ ಮುಂದೆ ಮಾಡುವ ಭಾಷಣ ಅಲ್ಲಿ ಬೇಡ.

ಕಾರ್ಯಕ್ರಮಕ್ಕೆ ಏನಾದರೂ ಮಾಡಿ ತೋರಿಸಿ ಅನ್ನುತ್ತಾರೆ. ಸಿನಿಮಾ ಹಾಡಿಗೆ ಕುಣಿಯುವುದು ಕೊನೆಯ ಉಪಾಯವಾಗಿರಲಿ. ಹಲಗಿ ಬಾರಿಸಲು, ಲೇಜಿಮು ಆಡಲು, ರೊಟ್ಟಿ ಬಡಿಯಲು, ಇಳಕಲ್ ಸೀರೆ ಉಡಲು, ಒಂದನ್ನಾದರೂ ಸರಿಯಾಗಿ ಕಲಿತು ಹೋಗಿ. ಗಡಹಿಂಗ್ಲಜದವರು ಫುಟ್‌ಬಾಲ್ ಬೂಟು ಮರೆಯಬೇಡಿ, ಮೊದಲ ಗೆಳೆಯರು ಸಿಗುವುದು ಮೈದಾನದಲ್ಲಿ.

ಬಂದ ಮೇಲೆ

'ಅಲ್ಲಿ ಹೀಗಿಲ್ಲ' ಎಂಬ ಮಾತನ್ನು ಮೊದಲ ತಿಂಗಳು ಬಾಯಿಗೆ ತರಬೇಡಿ, ಕಂಡದ್ದನ್ನು ಮಾಡಿ ತೋರಿಸಿ. ಕೊಲ್ಹಾಪುರದ ಶಾಹೂ ಮಹಾರಾಜರು 1902ರಲ್ಲಿ ಏಳನೇ ಎಡ್ವರ್ಡನ ಪಟ್ಟಾಭಿಷೇಕಕ್ಕೆ ಇಂಗ್ಲೆಂಡಿಗೆ ಹೋಗಿದ್ದರು. ಆಗ ರೋಮಿನ ಕೊಲೋಸಿಯಂ ಕಂಡದ್ದೇ ಖಾಸಬಾಗ ಕುಸ್ತಿ ಮೈದಾನದ ಆಕಾರಕ್ಕೆ ಕಾರಣ ಎಂದು ಕೊಲ್ಹಾಪುರದವರು ಹೇಳುತ್ತಾರೆ. ನಡುವೆ ಕೆಂಪು ಮಣ್ಣಿನ ಕಣ, ಸುತ್ತಲೂ ಏರುತ್ತಾ ಹೋಗುವ ನೆಲ, ಎಲ್ಲಿ ಕೂತರೂ ಪಟ್ಟು ಕಾಣುತ್ತದೆ. ನೀವು ನೋಡಿ ಬಂದದ್ದರಲ್ಲಿ ಇಲ್ಲಿಗೆ ಒಗ್ಗುವಂಥದ್ದು ಒಂದಿದ್ದರೆ ಮಾಡಿ, ಶಾಲೆಯ ವಾಚನಾಲಯವಾದರೂ ಆಗಲಿ, ಓಣಿಯ ಕಸದ ಬುಟ್ಟಿಯಾದರೂ ಆಗಲಿ. ಮುಂದಿನ ತಂಡದ ಮಕ್ಕಳ ಎದುರು ಒಂದು ಭಾನುವಾರ ಕೂತು ಅವರು ಕೇಳಿದ್ದಕ್ಕೆ ಉತ್ತರ ಕೊಡುವುದು ಕಡ್ಡಾಯ. ಸ್ಲೈಡ್ ಶೋ ಬೇಡ.

ಅಪ್ಪ ಅವ್ವಂದಿರಿಗೆ

ದಿನಾ ವಿಡಿಯೋ ಕಾಲ್ ಮಾಡಬೇಡಿ. ವಾರಕ್ಕೆ ಒಂದು ಹೊತ್ತು ಗೊತ್ತು ಮಾಡಿಕೊಂಡು ಅಷ್ಟಕ್ಕೇ ನಿಲ್ಲಿಸಿ. ಮಗ ಅತ್ತರೆ ನೀವೂ ಅಳಬೇಡಿ, ನಾಳೆ ಯಾರನ್ನು ಕೇಳುತ್ತೀ ಎಂದು ವಿಚಾರಿಸಿ. ನಡುವೆ ನೋಡಿಕೊಂಡು ಬರುತ್ತೇವೆ ಎಂದು ಟಿಕೆಟ್ ತೆಗೆಸಬೇಡಿ.

ನಿಮ್ಮ ಮಗು ಅಲ್ಲಿ ಇರುವಾಗ ಅಲ್ಲಿಯ ಮಗು ನಿಮ್ಮ ಮನೆಗೆ ಬರಬಹುದು. ಒಳಗಿನಿಂದ ಚಿಲಕ ಹಾಕಿಕೊಳ್ಳಲು ಬರುವ ಒಂದು ಕೋಣೆ ಕೊಡಿ. ಓಣಿಯವರನ್ನೆಲ್ಲ ಕರೆದು ಸೆಲ್ಫಿ ತೆಗೆಸಬೇಡಿ, ಕೂದಲು ಮುಟ್ಟಿ ನೋಡಬೇಡಿ. ಬೇಡ ಅಂದ ಮೇಲೆ ಬಡಿಸಬೇಡಿ. ತಾಂಬಡಾ ರಸ್ಸಾ ಮೊದಲ ವಾರ ಬೇಡವೇ ಬೇಡ, ಪಾಂಢರಾ ರಸ್ಸಾ ಚಮಚೆಯಲ್ಲಿ ರುಚಿ ತೋರಿಸಿ. ಕುಡಿಯುವ ನೀರು ಯಾವುದು, ಬಳಸುವ ನೀರು ಯಾವುದು ಎಂದು ಕೈಹಿಡಿದು ತೋರಿಸಿ. ಗೀಸರ್ ಗುಂಡಿ ಎಲ್ಲಿ, ಕರೆಂಟ್ ಹೋದರೆ ಏನು ಮಾಡಬೇಕು, ನಳಕ್ಕೆ ನೀರು ಯಾವ ದಿನ ಎಷ್ಟು ಹೊತ್ತಿಗೆ ಬರುತ್ತದೆ, ಬಾರದ ದಿನ ಯಾವ ಬ್ಯಾರಲ್ಲಿನಿಂದ ತೋಡಿಕೊಳ್ಳಬೇಕು, ಇವನ್ನೆಲ್ಲ ಇಂಗ್ಲಿಷಿನಲ್ಲಿ ಬರೆದು ಬಚ್ಚಲಿನ ಬಾಗಿಲಿಗೆ ಅಂಟಿಸಿ.